ತಟ್ಟೆ ಮುಂದೆ ಕೂತಾಗ ಊಟಾನೇ ಮಾಡೋದು ಹೇಗೆ

ಹೋದ ವರ್ಷ ಒಂದಿನ ರಾತ್ರಿ ಊಟಕ್ಕೆ ಕೂತಿದ್ದೆ, ಎಡಗೈಲಿ ಮೊಬೈಲು, ಬಲಗೈ ತಟ್ಟೇಲಿ, ರೀಲ್ಸ್ ಒಂದಾದ್ಮೇಲೊಂದು ಓಡ್ತಾ ಇತ್ತು. ಬೆರಳಿಗೆ ಬರೀ ಸ್ಟೀಲು ತಾಗಿದಾಗ ಕೆಳಗೆ ನೋಡಿದೆ, ತಟ್ಟೆ ಖಾಲಿ. ಅಷ್ಟೊತ್ತಿಗೆ ಅಮ್ಮ ತಾವೂ ಬಡಿಸ್ಕೊಂಡು ಕೂತು ಮೊದಲನೇ ತುತ್ತು ಬಾಯಿಗಿಟ್ಟು "ಅಯ್ಯೋ, ಹುಳಿಗೆ ಉಪ್ಪೇ ಹಾಕಿಲ್ವಲ್ಲೋ, ನೀನು ಏನೂ ಹೇಳ್ಲೇ ಇಲ್ಲ?" ಅಂದ್ರು. ನಾನು ಎರಡು ಸಲ ಹುಳಿ ಹಾಕಿಸ್ಕೊಂಡು ತಿಂದಿದ್ದೆ!

ಆವತ್ತು ಅಜ್ಜ ನೆನಪಾದ್ರು. ಅವರು ಊಟಕ್ಕೆ ಕೂತ್ರೆ ಮೊದಲನೇ ತುತ್ತು ಬಾಯಿಗೆ ಹೋಗೋಕೆ ಎರಡು ನಿಮಿಷ ಹಿಡೀತಿತ್ತು, ಅವರದ್ದು ಆಗೋವರೆಗೂ ನಾವು ಹುಡುಗ್ರೆಲ್ಲ ಬಿಸಿ ಅನ್ನ ನೋಡ್ಕೊಂಡು ಜೊಲ್ಲು ಸುರಿಸ್ತಾ ಕೂತಿರಬೇಕಿತ್ತು, ಆಗ ಅದೊಂದು ಶಿಕ್ಷೆ ಅನ್ಸೋದು. ಈಗ ನೋಡಿದ್ರೆ ಮೈಂಡ್‌ಫುಲ್ ಈಟಿಂಗ್ ಅಂತ ದುಡ್ಡು ಕಟ್ಟಿಸ್ಕೊಂಡು ಹೇಳಿಕೊಡೋದು ಹೆಚ್ಚುಕಮ್ಮಿ ಆ ಎರಡು ನಿಮಿಷದ ವಿಷಯಾನೇ. ಸರಿ, ಅದನ್ನ ಇವತ್ತಿನ ಮನೇಲಿ, ಆಫೀಸು ಸ್ಕೂಲು ಗಡಿಬಿಡೀಲಿ ಹೇಗೆ ಮಾಡ್ಕೋಬಹುದು ಅಂತ ನನಗೆ ಗೊತ್ತಿರೋಷ್ಟು, ನಾನು ಮಾಡಿ ನೋಡಿದಷ್ಟು ಬರೀತೀನಿ.

ಮೊದಲು ಮೊಬೈಲ್ ವಿಷಯ ಮುಗಿಸಿಬಿಡೋಣ

ಛಾಂದೋಗ್ಯ ಉಪನಿಷತ್ತಲ್ಲಿ ಒಂದು ಮಾತಿದೆ, "ಆಹಾರಶುದ್ಧೌ ಸತ್ತ್ವಶುದ್ಧಿಃ" ಅಂತ. ಆಹಾರ ಶುದ್ಧ ಆದ್ರೆ ಒಳಗಿನ ಮನಸ್ಸು ಶುದ್ಧ ಆಗತ್ತೆ, ಅದು ಶುದ್ಧ ಆದ್ರೆ ನೆನಪು ಗಟ್ಟಿ ಆಗತ್ತೆ, ಆಮೇಲೆ ಗಂಟುಗಳು ಬಿಚ್ಕೊಳ್ಳತ್ತೆ ಅಂತ ಮುಂದುವರಿಯತ್ತೆ. ಸಾಮಾನ್ಯವಾಗಿ ಇದನ್ನ ಹೇಳೋರು ನೇರ ಅಡುಗೆಮನೆಗೆ ಹೋಗ್ತಾರೆ, ಏನು ತಿನ್ಬೇಕು ಏನು ತಿನ್ಬಾರ್ದು ಅಂತ. ರಾಮಾನುಜರ ಪರಂಪರೇಲಿ ಅರ್ಥ ಹೇಳೋದೂ ಆ ಕಡೇನೇ, ಪದಾರ್ಥ ಎಂಥದ್ದು, ಯಾರ ಕೈಯಿಂದ ಬಂತು, ಅದರಲ್ಲಿ ಕೂದಲು ಕಸ ಏನಾದ್ರೂ ಬಿದ್ದಿದ್ಯಾ ಅಂತ. ಆದ್ರೆ ಶಂಕರಾಚಾರ್ಯರು ತಮ್ಮ ಭಾಷ್ಯದಲ್ಲಿ ಇನ್ನೊಂದು ರೀತಿ ಹೇಳ್ತಾರೆ, ಒಳಗೆ ತಗೊಳ್ಳೋದೆಲ್ಲ ಆಹಾರ, ಕಿವಿಗೆ ಬೀಳೋ ಶಬ್ದ, ಕಣ್ಣಿಗೆ ಬೀಳೋ ರೂಪ, ಎಲ್ಲಾ ಇಂದ್ರಿಯಗಳಿಂದ ಬರೋ ಅರಿವು, ಅದೂ ಆಹಾರಾನೇ ಅಂತ.

ಇದನ್ನ ಓದಿದ್ಮೇಲೆ ನನಗೆ ನನ್ನ ಉಪ್ಪಿಲ್ಲದ ಹುಳಿ ಕಥೆ ಅರ್ಥ ಆಯ್ತು. ಆವತ್ತು ನಾನು ಒಂದೇ ಹೊತ್ತಲ್ಲಿ ಎರಡು ಊಟ ಮಾಡ್ತಿದ್ದೆ, ಒಂದು ಬಾಯಿಂದ, ಒಂದು ಕಣ್ಣಿಂದ, ಕಣ್ಣಿನ ಊಟದ ಮುಂದೆ ಬಾಯಿ ಊಟ ಸೋತುಹೋಗಿತ್ತು. ಹಾಗಾಗಿ ಈರುಳ್ಳಿ ಬಿಡ್ಲಾ ಬೇಡ್ವಾ ಅನ್ನೋ ಚರ್ಚೆಗೆ ಮುಂಚೆ ಊಟದ ಹೊತ್ತಲ್ಲಿ ಮೊಬೈಲ್ ಬಿಡೋದು ದೊಡ್ಡ ಆಹಾರಶುದ್ಧಿ ಅಂತ ನಾನಂತೂ ನಂಬಿದೀನಿ. ಪಕ್ಕದಲ್ಲಿ ಮಗುಚಿ ಇಡೋದು ಕೆಲಸಕ್ಕೆ ಬರಲ್ಲ, ನಾನು ಒಂದು ತಿಂಗಳು ಹಾಗೆ ಮಾಡಿ ನೋಡಿದೀನಿ, ಕೈ ತಾನಾಗೇ ಹೋಗತ್ತೆ. ಬೇರೆ ರೂಮಲ್ಲಿ ಇಟ್ಟು ಬನ್ನಿ. ಟಿವಿ ಆಫ್.

ಆಯುರ್ವೇದದ ಹಳೇ ಗ್ರಂಥ ಚರಕ ಸಂಹಿತೆಯ ವಿಮಾನಸ್ಥಾನ ಅನ್ನೋ ಭಾಗದಲ್ಲಿ ಊಟದ ಕ್ರಮ ಹೇಳೋವಾಗ "ಅಜಲ್ಪನ್ ಅಹಸನ್ ತನ್ಮನಾ ಭುಂಜೀತ" ಅಂತ ಬರತ್ತೆ. ಹರಟದೆ, ನಗದೆ, ಮನಸ್ಸನ್ನ ಅದರಲ್ಲೇ ಇಟ್ಟು ಉಣ್ಣಬೇಕು ಅಂತ. ಯಾಕೆ ಅಂದ್ರೆ ಮಾತಾಡ್ತಾ ಬೇರೆಲ್ಲೋ ಮನಸ್ಸಿಟ್ಟು ತಿನ್ನೋನಿಗೂ ಗಬಗಬ ತಿನ್ನೋನಿಗೆ ಆಗೋ ತೊಂದ್ರೆಗಳೇ ಆಗತ್ತಂತೆ, ಅದ್ರಲ್ಲಿ ಒಂದು ಏನು ಗೊತ್ತಾ, ತಿನ್ನೋ ಪದಾರ್ಥದಲ್ಲಿ ಇರೋ ದೋಷ, ಗುಣ ಗೊತ್ತಾಗಲ್ಲ ಅನ್ನೋದು. ಉಪ್ಪಿಲ್ಲದ ಹುಳಿ ಗೊತ್ತಾಗಿಲ್ಲ ಅಲ್ವಾ, ಅದೇ! ಇನ್ನು ಮನೆಯವರೆಲ್ಲ ಸೇರೋದೇ ರಾತ್ರಿ ಊಟಕ್ಕೆ ಅಂದ್ರೆ ಪೂರ್ತಿ ಮೌನ ಕಷ್ಟ, ಹಾಗಾಗಿ ನಮ್ಮನೇಲಿ ಮೊದಲ ಐದಾರು ತುತ್ತು ಮಾತಿಲ್ಲ, ಆಮೇಲೆ ಮಾತು ಓಕೆ, ಆದ್ರೆ ಜಗಳ, ಮಾರ್ಕ್ಸು, ಇಎಂಐ ಬೇಡ ಅಂತ ಮಾಡ್ಕೊಂಡಿದೀವಿ.

ತಟ್ಟೆಗೆ ಬರೋಕೆ ಮುಂಚೆ

ನಮ್ಮಲ್ಲಿ ಊಟದ ಧ್ಯಾನ ತಟ್ಟೆ ಹತ್ರ ಶುರುವಾಗಲ್ಲ, ಒಲೆ ಹತ್ರ ಶುರುವಾಗತ್ತೆ. ಅಡುಗೆ ಮಾಡ್ತಾ ರುಚಿ ನೋಡಬಾರ್ದು, ನೈವೇದ್ಯ ಆಗೋವರೆಗೂ ಯಾರೂ ಬಾಯಿಗೆ ಹಾಕಬಾರ್ದು ಅಂತ ಅಜ್ಜಿಯರು ಬಯ್ತಾರಲ್ಲ, ಅದರ ಹಿಂದೆ ಇರೋದು ಸಿಂಪಲ್ ಲೆಕ್ಕ: ಇದು ಮೊದಲು ಬೇರೆಯವರದ್ದು, ಆಮೇಲೆ ನಂದು. ಗೀತೆಯ ಮೂರನೇ ಅಧ್ಯಾಯದಲ್ಲಿ ತನಗೋಸ್ಕರ ಮಾತ್ರ ಬೇಯಿಸ್ಕೊಳ್ಳೋನು ಪಾಪಾನೇ ಉಣ್ತಾನೆ ಅಂತ ಖಾರವಾಗೇ ಹೇಳಿದೆ. ದೇವರ ಮುಂದೆ ಅನ್ನದ ಪಾತ್ರೆ ಇಟ್ಟು ಒಂದು ತುಳಸಿ ದಳ ಹಾಕಿ ಕಣ್ಮುಚ್ಚೋಕೆ ಅರ್ಧ ನಿಮಿಷ ಸಾಕು. ಕುಕ್ಕರ್ ಸಮೇತ ಇಟ್ರೂ ದೇವರೇನೂ ಬೇಜಾರು ಮಾಡ್ಕೊಳ್ಳಲ್ಲ ಅನ್ನೋದು ನನ್ನ ಅಭಿಪ್ರಾಯ, ಅಮ್ಮ ಒಪ್ಪಲ್ಲ, ಅವರದ್ದು ಇವತ್ತಿಗೂ ಪುಟ್ಟ ಹಿತ್ತಾಳೆ ಬಟ್ಟಲು.

ಹಾಗೇ ಒಂದು ಹಿಡಿ ಅನ್ನ ಕಾಗೆಗೋ ಹಸುಗೋ ಇಡೋದು. ಗೃಹಸ್ಥರು ದಿನಾ ಮಾಡಬೇಕಾದ ಪಂಚಮಹಾಯಜ್ಞದಲ್ಲಿ ಭೂತಯಜ್ಞ ಅಂತ ಬರೋದು ಇದೇ. ಅಪಾರ್ಟ್‌ಮೆಂಟಲ್ಲಿ ಇರೋರು ಬಾಲ್ಕನೀಲಿ ಅನ್ನ ಇಟ್ರೆ ಪಾರಿವಾಳ ಬಂದು ಕೆಳಗಿನ ಮನೆಯವರು ಜಗಳಕ್ಕೆ ಬರ್ತಾರೆ, ಅಂಥೋರು ಕೆಲಸದವರಿಗೋ, ಸೆಕ್ಯುರಿಟಿಯವರಿಗೋ ಬಿಸಿಯಾಗಿದ್ದಾಗಲೇ ಒಂದು ಡಬ್ಬಿ ತೆಗೆದಿಡಿ. ಗಮನಿಸಿ, ಬಿಸಿಯಾಗಿದ್ದಾಗ, ಮೊದಲೇ. ಮಿಕ್ಕಿದ್ದು ಕೊಡೋದು ಇದಲ್ಲ.

ಆ ಎರಡು ನಿಮಿಷ

ಈಗ ಅಜ್ಜ ಏನು ಮಾಡ್ತಿದ್ರು ಅಂತ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಇಡೀ ವಿಷಯದ ತಿರುಳು ಇಲ್ಲೇ ಇರೋದು.

ಕೈಕಾಲು ಬಾಯಿ ತೊಳ್ಕೊಂಡು ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರೋರು. ಎಲೆ ತುದಿ ಎಡಕ್ಕೆ. ಮೇಲ್ಗಡೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲಾ ಬಡಿಸಿ, ಕೆಳಗಡೆ ಮಧ್ಯಕ್ಕೆ ಅನ್ನ ಬಂದು ಅದರ ಮೇಲೆ ಒಂದು ಮಿಳ್ಳೆ ತುಪ್ಪ ಬೀಳೋವರೆಗೂ ಕೈ ಎಲೆಗೆ ಹೋಗ್ತಿರಲಿಲ್ಲ. ಆಮೇಲೆ ಬಲಗೈಗೆ ನೀರು ತಗೊಂಡು ಎಲೆ ಸುತ್ತ ಒಂದು ಗೆರೆ ಹಾಗೆ ಬಿಡೋರು, ಅದು ಪರಿಷೇಚನೆ. ಹಗಲಾದ್ರೆ "ಸತ್ಯಂ ತ್ವರ್ತೇನ ಪರಿಷಿಂಚಾಮಿ", ರಾತ್ರಿಯಾದ್ರೆ "ಋತಂ ತ್ವಾ ಸತ್ಯೇನ ಪರಿಷಿಂಚಾಮಿ", ಸತ್ಯವನ್ನ ಋತದಿಂದ (ಋತ ಅಂದ್ರೆ ಜಗತ್ತು ನಡೆಯೋ ನಿಯಮ), ಋತವನ್ನ ಸತ್ಯದಿಂದ ಸುತ್ತುಗಟ್ತೀನಿ ಅಂತ. ಇರುವೆ ಬರದೇ ಇರಲಿ ಅಂತ ನೀರು ಬಿಡೋದು ಅಂತ ಹೇಳೋರಿದಾರೆ, ಇರಬಹುದು, ಆದ್ರೆ ಇರುವೆಗೋಸ್ಕರ ಯಾರೂ ಹಗಲಿಗೊಂದು ರಾತ್ರಿಗೊಂದು ಮಂತ್ರ ಇಟ್ಕೊಳ್ಳಲ್ಲ ಅಲ್ವಾ. ಹೋಮಕುಂಡದ ಸುತ್ತ ನೀರು ಬಿಡ್ತಾರಲ್ಲ, ಅದನ್ನೇ ಇಲ್ಲಿ ಎಲೆ ಸುತ್ತ ಮಾಡ್ತಿರೋದು.

ಆಮೇಲೆ ಎಲೆಯ ಬಲಗಡೆ ನೆಲದ ಮೇಲೆ ಸಣ್ಣ ಸಣ್ಣ ತುತ್ತು ಅನ್ನ ಇಡೋದು, ಚಿತ್ರಾಹುತಿ, ಯಮನಿಗೆ, ಚಿತ್ರಗುಪ್ತನಿಗೆ. ಊಟದ ಶುರುವಲ್ಲೇ ಯಮನ್ನ ನೆನೆಯೋದು ನನಗೆ ಚಿಕ್ಕವನಿದ್ದಾಗ ಭಯ ಆಗೋದು, ಈಗ ಯಾಕೋ ಇಷ್ಟ ಆಗತ್ತೆ. ಆಮೇಲೆ ಅಂಗೈನ ಗುಳೀಲಿ ಒಂದು ಉದ್ದಿನಕಾಳು ಮುಳುಗುವಷ್ಟೇ ನೀರು. ನಾನು ಆ ಅಂಗೈನೇ ನೋಡ್ತಾ ಕೂರ್ತಿದ್ದೆ, ಸುಕ್ಕಿನ ಗೆರೆಗಳ ಮಧ್ಯೆ ಆ ಒಂಚೂರು ನೀರು ಅಲ್ಲಾಡದೆ ನಿಂತಿರೋದು, ಕೈ ನಡುಗೋ ವಯಸ್ಸಾದ್ಮೇಲೂ ಆ ಒಂದು ಕ್ಷಣ ನಡುಗ್ತಿರಲಿಲ್ಲ. "ಅಮೃತೋಪಸ್ತರಣಮಸಿ" ಅಂತ ಹೇಳಿ ಕುಡಿಯೋರು, ಆಪೋಶನ. ನೀನು ಅಮೃತದ ಹಾಸು ಅಂತ ಅರ್ಥ. ಊಟ ಮುಗಿದಾಗ ಇದೇ ಥರ ಇನ್ನೊಂದು ಸಲ, ಆಗ "ಅಮೃತಾಪಿಧಾನಮಸಿ", ನೀನು ಅಮೃತದ ಮುಚ್ಚಳ. ಅಂದ್ರೆ ಕೆಳಗೊಂದು ನೀರಿನ ಹಾಸಿಗೆ, ಮೇಲೊಂದು ನೀರಿನ ಮುಚ್ಚಳ, ಮಧ್ಯೆ ಅನ್ನ. ಎಷ್ಟು ಚೆಂದ ಇದೆ ನೋಡಿ.

ಆಮೇಲೆ ಪ್ರಾಣಾಹುತಿ, ಅಂದ್ರೆ ದೇಹದೊಳಗಿನ ಐದು ಪ್ರಾಣಗಳಿಗೆ ಕೊಡೋ ಆಹುತಿ. ಎಡಗೈ ಬೆರಳು ಎಲೆ ಮುಟ್ಟಿರತ್ತೆ, ಬಲಗೈ ಬೆರಳ ತುದೀಲಿ ತುಪ್ಪದ ಅನ್ನದ ನಾಲ್ಕೈದು ಅಗುಳು ತಗೊಂಡು ಪ್ರಾಣಾಯ ಸ್ವಾಹಾ, ಅಪಾನಾಯ ಸ್ವಾಹಾ, ವ್ಯಾನಾಯ ಸ್ವಾಹಾ, ಉದಾನಾಯ ಸ್ವಾಹಾ, ಸಮಾನಾಯ ಸ್ವಾಹಾ ಅಂತ ಐದು ಸಲ. ಯಾವ ಬೆರಳು, ಯಾವುದಾದ್ಮೇಲೆ ಯಾವುದು ಅನ್ನೋದು ಒಂದೊಂದು ಮನೇಲಿ ಒಂದೊಂದು ಥರ, ನಿಮ್ಮನೆ ಹಿರಿಯರನ್ನ ಕೇಳಿ. ಆದ್ರೆ ಒಂದು ವಿಷಯ ಎಲ್ಲಾ ಕಡೆ ಹೇಳ್ತಾರೆ, ಹಲ್ಲಿಗೆ ತಾಗಿಸಬಾರ್ದು, ಅಗಿಯದೆ ನುಂಗಬೇಕು. ಯಾಕಂದ್ರೆ ಈ ಐದು ತುತ್ತು ನಾಲಿಗೆ ರುಚಿಗಲ್ಲ, ಒಳಗೆ ಉರೀತಿರೋ ಬೆಂಕಿಗೆ. ಗೀತೆಯ ಹದಿನೈದನೇ ಅಧ್ಯಾಯದಲ್ಲಿ ಕೃಷ್ಣ ಹೇಳೋದು ಇದನ್ನೇ, ನಾನು ವೈಶ್ವಾನರ ಅಗ್ನಿಯಾಗಿ ಪ್ರಾಣಿಗಳ ದೇಹದಲ್ಲಿದ್ದು ನಾಲ್ಕು ಥರದ ಅನ್ನ ಪಚನ ಮಾಡ್ತೀನಿ ಅಂತ.

ಛಾಂದೋಗ್ಯದಲ್ಲಿ ಇದರ ವಿವರ ಇನ್ನೂ ಮಜವಾಗಿದೆ. ಪ್ರಾಣಕ್ಕೆ ತೃಪ್ತಿ ಆದ್ರೆ ಕಣ್ಣಿಗೆ ತೃಪ್ತಿ, ಕಣ್ಣಿಗೆ ಆದ್ರೆ ಸೂರ್ಯನಿಗೆ, ಸೂರ್ಯನಿಗೆ ಆದ್ರೆ ಆಕಾಶಕ್ಕೆ, ಹೀಗೆ ಒಂದೊಂದು ತುತ್ತೂ ಎಲ್ಲಿಂದೆಲ್ಲಿಗೋ ಹೋಗತ್ತೆ. ಕೊನೇಲಿ ಒಂದು ಹೋಲಿಕೆ ಬರತ್ತೆ: ಹಸಿದ ಮಕ್ಕಳು ತಾಯಿ ಸುತ್ತ ಕೂತ್ಕೊಳ್ಳೋ ಹಾಗೆ ಎಲ್ಲಾ ಜೀವಿಗಳೂ ಈ ಅಗ್ನಿಹೋತ್ರದ, ಅಂದ್ರೆ ಒಳಗಿನ ಬೆಂಕಿಗೆ ಅನ್ನ ಹಾಕೋ ಈ ಹೋಮದ ಸುತ್ತ ಕೂತಿರ್ತವೆ ಅಂತ. ಅಜ್ಜನ ಸುತ್ತ ಜೊಲ್ಲು ಸುರಿಸ್ಕೊಂಡು ಕೂತಿದ್ದ ನಾವು ಐದು ಮೊಮ್ಮಕ್ಕಳು ಕಣ್ಮುಂದೆ ಬಂದುಬಿಟ್ವು ಇದನ್ನ ಓದಿದಾಗ.

ಈಗ ಪ್ರಾಕ್ಟಿಕಲ್ ಆಗಿ. ಈ ಮಂತ್ರಭಾಗ ಉಪನಯನ ಆದವರ ಮನೆಗಳ ಪದ್ಧತಿ, ಎಲ್ಲರೂ ಹೀಗೇ ಮಾಡಬೇಕು ಅಂತ ನಾನು ಹೇಳ್ತಿಲ್ಲ. ಮಂತ್ರ ಬರದಿದ್ರೆ ಹೀಗೆ ಮಾಡಿ: ತಟ್ಟೆ ಮುಂದೆ ಕೂತು ಕೈ ತೊಡೆ ಮೇಲೆ ಇಟ್ಟು ಒಂದು ಸಲ ತಟ್ಟೆ ಪೂರ್ತಿ ನೋಡಿ, ಏನೇನಿದೆ ಅಂತ. ಒಂದು ಗುಟುಕು ನೀರು ಕುಡೀರಿ. ಇಷ್ಟದೇವರ ಹೆಸರು ಹೇಳಿ, ಇಲ್ಲಾ "ಕೃಷ್ಣಾರ್ಪಣ" ಅನ್ನಿ. ಮೊದಲ ಐದು ತುತ್ತು ಚಿಕ್ಕದಾಗಿ, ಬರೀ ಅನ್ನ ತುಪ್ಪ ಇಲ್ಲಾ ಬರೀ ರೊಟ್ಟಿ ಚೂರು, ಒಂದೊಂದಕ್ಕೂ ಮಧ್ಯೆ ಒಂದು ಉಸಿರು ಬಿಟ್ಟು. ಅಷ್ಟೇ. ಆಫೀಸ್ ಕ್ಯಾಂಟೀನಲ್ಲಿ ಮಾಡಿದ್ರೂ ಪಕ್ಕದವರಿಗೆ ಗೊತ್ತಾಗಲ್ಲ. ಚಮಚ ಬಿಟ್ಟು ಕೈಯಲ್ಲಿ ಕಲೆಸಿ ತಿಂದ್ರೆ ಇನ್ನೂ ಒಳ್ಳೇದು, ಬಿಸಿ ಎಷ್ಟಿದೆ, ಅನ್ನ ಮುದ್ದೆಯಾಗಿದ್ಯಾ ಅಂತ ಬೆರಳಿಗೆ ಮೊದಲೇ ಗೊತ್ತಾಗತ್ತೆ.

ತಿನ್ನೋವಾಗ

ತೈತ್ತಿರೀಯ ಉಪನಿಷತ್ತಲ್ಲಿ ಭೃಗು ಅಪ್ಪ ವರುಣನ ಹತ್ರ ಬ್ರಹ್ಮ ಅಂದ್ರೇನು ಅಂತ ಕೇಳ್ತಾನೆ, ತಪಸ್ಸು ಮಾಡು ಅಂತ ಕಳಿಸ್ತಾನೆ, ಮೊದಲನೇ ಸಲ ಬಂದು ಅನ್ನವೇ ಬ್ರಹ್ಮ ಅಂತಾನೆ, ಮತ್ತೆ ಕಳಿಸ್ತಾನೆ, ಪ್ರಾಣ, ಮನಸ್ಸು, ವಿಜ್ಞಾನ ಆಗಿ ಕೊನೆಗೆ ಆನಂದವೇ ಬ್ರಹ್ಮ ಅಂತ ಗೊತ್ತಾಗತ್ತೆ. ಅಲ್ಲಿಗೆ ಅನ್ನದ ವಿಷಯ ಮುಗೀತು ಅನ್ಕೋತೀವಿ ಅಲ್ವಾ, ಇಲ್ಲ, ಆನಂದದ ಮಾತು ಮುಗಿದ ತಕ್ಷಣ ಬರೋ ಮಾತು "ಅನ್ನಂ ನ ನಿಂದ್ಯಾತ್, ತದ್ ವ್ರತಮ್". ಅನ್ನವನ್ನ ಬೈಬೇಡ, ಅದೇ ವ್ರತ. ಆಮೇಲೆ ಅನ್ನವನ್ನ ದೂರ ತಳ್ಳಬೇಡ, ಅನ್ನವನ್ನ ಹೆಚ್ಚು ಮಾಡು, ಮನೆಗೆ ಬಂದವರನ್ನ ವಾಪಸ್ ಕಳಿಸಬೇಡ ಅಂತೆಲ್ಲ. ಅಷ್ಟು ದೂರ ಹೋದವನಿಗೂ ಕೊಟ್ಟ ಹೋಮ್‌ವರ್ಕು ಊಟದ್ದೇ.

ಇದನ್ನ ಮನೇಲಿ ಜಾರಿಗೆ ತರೋದು ಹೇಳಿದಷ್ಟು ಸುಲಭ ಇಲ್ಲ. "ಇವತ್ತೂ ಉಪ್ಪಿಟ್ಟಾ?" ಅನ್ನೋದು ಕೂಡ ಅನ್ನನಿಂದೇನೇ. ಉಪ್ಪು ಕಮ್ಮಿ ಇದ್ರೆ ಹೇಳಬಾರ್ದಾ ಅಂತ ಕೇಳ್ತೀರಿ, ಹೇಳಿ, ಉಪ್ಪು ಕಮ್ಮಿ ಇದೆ ಅನ್ನೋದು ಸುದ್ದಿ, ಮುಖ ಸಿಂಡರಿಸೋದು ನಿಂದೆ. ಬೇಯಿಸಿದವರು ಎದುರಿಗೇ ಇರ್ತಾರೆ ಅನ್ನೋದು ನೆನಪಿದ್ರೆ ವ್ಯತ್ಯಾಸ ತಾನಾಗೇ ಗೊತ್ತಾಗತ್ತೆ.

ಸಾತ್ವಿಕ ರಾಜಸ ತಾಮಸ ವಿಷಯಕ್ಕೆ ಜಾಸ್ತಿ ಹೋಗಲ್ಲ, ಅದರ ಬಗ್ಗೆ ಎಲ್ಲರೂ ಹೇಳ್ತಾರೆ. ಒಂದೇ ಮಾತು, ಗೀತೆಯ ಹದಿನೇಳನೇ ಅಧ್ಯಾಯದ ಆ ಶ್ಲೋಕಗಳಲ್ಲಿ ತರಕಾರಿ ಪಟ್ಟಿ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಹೆಸರೇ ಬರಲ್ಲ. ಇರೋದು ಗುಣಗಳು: ರಸ ಇರೋದು, ಜಿಡ್ಡಿರೋದು, ಮನಸ್ಸಿಗೆ ಹಿಡಿಸೋದು ಸಾತ್ವಿಕ, ಅತಿ ಖಾರ ಅತಿ ಹುಳಿ ಅತಿ ಬಿಸಿ ರಾಜಸ, ಹೊತ್ತು ಮೀರಿದ್ದು, ರಸ ಹೋಗಿದ್ದು, ಹಳಸಿದ್ದು ತಾಮಸ. ಈ ಲೆಕ್ಕದಲ್ಲಿ ಮೂರು ದಿನದಿಂದ ಫ್ರಿಜ್ಜಲ್ಲಿ ಕೂತಿರೋ ಸಾರು ಎಲ್ಲಿಗೆ ಬರತ್ತೆ ಅಂತ ನೀವೇ ನೋಡ್ಕೊಳ್ಳಿ, ನನಗೂ ಇದು ಬಿಸಿ ತುಪ್ಪಾನೇ, ಭಾನುವಾರ ರುಬ್ಬಿದ ಹಿಟ್ಟು ಗುರುವಾರದವರೆಗೂ ನಡೆಯತ್ತೆ ನಮ್ಮನೇಲಿ.

ಎಷ್ಟು ಅನ್ನೋದು

ಅಷ್ಟಾಂಗಹೃದಯ ಅನ್ನೋ ಇನ್ನೊಂದು ಆಯುರ್ವೇದ ಗ್ರಂಥದಲ್ಲಿ ಹೊಟ್ಟೆನ ನಾಲ್ಕು ಭಾಗ ಮಾಡಿ ಎರಡು ಭಾಗ ಅನ್ನಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಗಾಳಿ ಆಡೋಕೆ ಖಾಲಿ ಬಿಡಿ ಅಂತ ಹೇಳಿದೆ. ಖಾಲಿ ಜಾಗ ಎಷ್ಟಿದೆ ಅಂತ ಅಳೆಯೋದು ಹೇಗೆ? ನಾನು ಕಂಡ್ಕೊಂಡ ದಾರಿ ಅಂದ್ರೆ ಎರಡನೇ ಸಲ ಬಡಿಸ್ಕೊಳ್ಳೋಕೆ ಮುಂಚೆ ಕೈ ತಟ್ಟೆಯಿಂದ ಮೇಲೆತ್ತಿ ಸುಮ್ನೆ ಒಂದರ್ಧ ನಿಮಿಷ ಕೂರೋದು. ಹಸಿವು ಇನ್ನೂ ಇದ್ರೆ ಹಾಕಿಸ್ಕೊಳ್ಳಿ. ಬೇಕು ಅನ್ಸೋದು ನಾಲಿಗೆಗಾ ಹೊಟ್ಟೆಗಾ ಅಂತ ಆ ಅರ್ಧ ನಿಮಿಷದಲ್ಲಿ ಬಹಳ ಸಲ ಗೊತ್ತಾಗಿಬಿಡತ್ತೆ.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಅಂತ ಶರಣ ದಂಪತಿ ಇದ್ರು. ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರೋದು, ಲಕ್ಕಮ್ಮ ಅದನ್ನ ಬೇಯಿಸಿ ದಾಸೋಹ ಮಾಡೋದು. ಒಂದಿನ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ಆ ಗಂಟು ನೋಡಿದ ತಕ್ಷಣ ಇದು ನಮ್ಮ ಅಳತೆಗಿಂತ ಹೆಚ್ಚಾಯ್ತು, ಹೋಗಿ ಅಲ್ಲೇ ಸುರಿದು ಬನ್ನಿ ಅಂತ ವಾಪಸ್ ಕಳಿಸಿದ್ಲಂತೆ. ಫ್ರೀ ಬಫೆಯಲ್ಲಿ ಪ್ಲೇಟ್ ಮೇಲೆ ಗುಡ್ಡ ಕಟ್ಟೋ ನಮಗೆ ಲಕ್ಕಮ್ಮ ಸಿಗಬೇಕಿತ್ತು. ಶರಣರ ದಾರೀಲಿ ಪ್ರಸಾದ ಅನ್ನೋದು ಅಷ್ಟಾವರಣಗಳಲ್ಲಿ, ಅಂದ್ರೆ ಭಕ್ತನನ್ನ ಕಾಯೋ ಎಂಟು ರಕ್ಷೆಗಳಲ್ಲಿ ಒಂದು, ತಟ್ಟೇಲಿ ಒಂದಗುಳೂ ಬಿಡೋ ಹಾಗಿಲ್ಲ, ತಟ್ಟೆ ತೊಳೆದ ನೀರನ್ನೂ ಕುಡಿಯೋ ಹಿರಿಯರನ್ನ ನಾನೇ ನೋಡಿದೀನಿ. ಬಿಡಬಾರ್ದು ಅಂದ್ರೆ ಹಾಕಿಸ್ಕೊಳ್ಳೋವಾಗಲೇ ಎಚ್ಚರ ಬೇಕು, ತಂತ್ರ ಇರೋದು ಅಲ್ಲಿ.

ಉಪವಾಸಾನೂ ಇದೇ ಅಭ್ಯಾಸದ ಇನ್ನೊಂದು ಮುಖ. ತಿಂಗಳಿಗೆ ಎರಡು ಏಕಾದಶಿ, ಅದರ ಜೊತೆ ಮಾಧ್ವರಲ್ಲಿ ಚಾತುರ್ಮಾಸ್ಯದಲ್ಲಿ, ಅಂದ್ರೆ ಮಳೆಗಾಲದಲ್ಲಿ ಶುರುವಾಗೋ ನಾಲ್ಕು ತಿಂಗಳ ವ್ರತದಲ್ಲಿ, ಒಂದು ತಿಂಗಳು ತರಕಾರಿ ಇಲ್ಲ, ಒಂದು ತಿಂಗಳು ಮೊಸರಿಲ್ಲ, ಒಂದು ತಿಂಗಳು ಹಾಲಿಲ್ಲ, ಕೊನೇ ತಿಂಗಳು ಬೇಳೆ ಇಲ್ಲ. ಮೊಸರಿಲ್ಲದ ತಿಂಗಳು ಮುಗಿದು ಮೊದಲನೇ ಮೊಸರನ್ನ ತಿಂದ್ರೆ ಮೊಸರಿಗೆ ಎಂಥಾ ರುಚಿ ಇದೆ ಅಂತ ಗೊತ್ತಾಗತ್ತೆ, ಯಾವ ಕೋರ್ಸೂ ಬೇಡ. ಆದ್ರೆ ಏಕಾದಶಿ ಅಂತ ಹೇಳಿ ಅವಲಕ್ಕಿ, ಸಬ್ಬಕ್ಕಿ, ಹಣ್ಣು, ಚಿಪ್ಸು ಅಂತ ಮಾಮೂಲಿ ದಿನಕ್ಕಿಂತ ಜಾಸ್ತಿ ತಿನ್ನೋದಾದ್ರೆ ಸುಮ್ನೆ ಊಟಾನೇ ಮಾಡಿ. ಶುಗರ್, ಬಿಪಿ ಮಾತ್ರೆ ತಗೊಳ್ಳೋರು, ಬಸುರಿಯರು ಡಾಕ್ಟರನ್ನ ಕೇಳದೆ ಉಪವಾಸ ಮಾಡಬೇಡಿ, ಅತಿಯಾಗಿ ತಿನ್ನೋನಿಗೂ ಯೋಗ ಇಲ್ಲ, ಏನೂ ತಿನ್ನದೇ ಇರೋನಿಗೂ ಇಲ್ಲ ಅಂತ ಗೀತೇಲೇ ಇದೆ.

ಒಂದು ಕಹಿ ಮಾತು

ಇಷ್ಟೆಲ್ಲ ಹೇಳಿ ಇದನ್ನ ಬಿಟ್ರೆ ತಪ್ಪಾಗತ್ತೆ. ಅನ್ನ ಬ್ರಹ್ಮ ಅಂತ ಹೇಳಿದ ಇದೇ ಸಮಾಜ ಯಾರ ಪಕ್ಕ ಯಾರು ಕೂರಬಾರ್ದು, ಯಾರು ಮುಟ್ಟಿದ್ದನ್ನ ಯಾರು ತಿನ್ನಬಾರ್ದು ಅಂತ ಗೆರೆಗಳನ್ನೂ ಎಳೀತು. ಎಲೆ ಸುತ್ತ ನೀರಿನ ಗೆರೆ ಎಳೆದ ಕೈಯೇ ಆ ಗೆರೇನೂ ಎಳೆದಿದ್ದು. ಬಾಗಿಲಲ್ಲಿ ಒಬ್ಬರನ್ನ ನಿಲ್ಲಿಸಿ ಒಳಗೆ ಕೂತು ಪ್ರಾಣಾಹುತಿ ಮಾಡಿದ್ರೆ, ಹಸಿದ ಮಕ್ಕಳು ತಾಯಿ ಸುತ್ತ ಕೂತ ಹಾಗೆ ಅಂತ ಓದಿದ್ದು ಯಾವ ಉಪಯೋಗಕ್ಕೆ? ಧರ್ಮಸ್ಥಳದಲ್ಲಿ, ಹೊರನಾಡಲ್ಲಿ, ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಜನ ಸಾಲಾಗಿ ಕೂತು ಉಣ್ಣೋದು ನೋಡಿದ್ರೆ ಮನಸ್ಸು ತುಂಬಿ ಬರತ್ತೆ. ಅಲ್ಲಿ ನಿಧಾನಕ್ಕೆ ತಿಂತೀನಿ ಅಂದ್ರೆ ಆಗಲ್ಲ ಬಿಡಿ, ಸಾರು ಮುಗಿಸೋದ್ರೊಳಗೆ ಮಜ್ಜಿಗೆಯವರು ಬಂದು ನಿಂತಿರ್ತಾರೆ, ಮುಂದಿನ ಪಂಕ್ತಿಯವರು ಕಾಯ್ತಿರ್ತಾರೆ. ಕಾಯ್ತಿರೋರಿಗೋಸ್ಕರ ಬೇಗ ಎದ್ದು ಜಾಗ ಬಿಡೋದೂ ಗಮನ ಇಟ್ಟು ಊಟ ಮಾಡಿದ ಹಾಗೇ ಲೆಕ್ಕ.

ಮುಗಿಸೋದು

ಕೊನೇ ತುತ್ತು ಮೊಸರನ್ನದ್ದು, ಆಮೇಲೆ ಮುಚ್ಚಳದ ನೀರು. ಮನೇಲಿ ಎಲ್ಲರದ್ದೂ ಮುಗಿಯೋವರೆಗೂ ಏಳಬೇಡಿ, ನಿಧಾನಕ್ಕೆ ತಿನ್ನೋ ಮಗು ಒಂದೇ ಕೂತ್ಕೊಂಡಿದ್ರೆ ಅದು ಗಬಗಬ ತಿನ್ನೋದು ಕಲಿಯತ್ತೆ. "ಅನ್ನದಾತಾ ಸುಖೀಭವ" ಅನ್ನಿ, ಬೆಳೆದವರಿಗೆ, ಬೇಯಿಸಿದವರಿಗೆ, ಬಡಿಸಿದವರಿಗೆ, ಮೂವರಿಗೂ ಸೇರಿ.

ಶುರು ಮಾಡೋರಿಗೆ, ಮೂರು ಹೊತ್ತೂ ಮಾಡ್ತೀನಿ ಅಂತ ಹೊರಟ್ರೆ ನಾಲ್ಕನೇ ದಿನ ಬಿಟ್ಟುಬಿಡ್ತೀರಿ. ದಿನಕ್ಕೆ ಒಂದೇ ಊಟ ಆರಿಸ್ಕೊಳ್ಳಿ. ನಂದು ರಾತ್ರಿದು, ಈಗ ಏಳೆಂಟು ತಿಂಗಳಾಯ್ತು, ವಾರಕ್ಕೆ ಒಂದೆರಡು ಸಲ ಇವತ್ತಿಗೂ ತಪ್ಪತ್ತೆ, ಮ್ಯಾಚ್ ಇದ್ದ ದಿನ ಅಂತೂ ಕೇಳಲೇಬೇಡಿ.

ಅಜ್ಜ ಎದ್ದು ಕೈ ತೊಳ್ಕೊಂಡು ಬಂದ್ಮೇಲೆ ಇನ್ನೊಂದು ಮಾಡ್ತಿದ್ರು, ಹೊಟ್ಟೆ ಸವರ್ಕೊಂಡು ಅಗಸ್ತ್ಯ, ಕುಂಭಕರ್ಣ, ಶನಿ, ಬಡಬಾಗ್ನಿ (ಸಮುದ್ರದೊಳಗೆ ಉರಿಯೋ ಬೆಂಕಿ), ಭೀಮ ಈ ಐವರನ್ನ ನೆನೆಯೋ ಶ್ಲೋಕ ಹೇಳೋರು, ಉಂಡಿದ್ದು ಅರಗಲಿ ಅಂತ. ಪಟ್ಟೀಲಿ ಕುಂಭಕರ್ಣ ಯಾಕೆ ಅಂತ ಬೇರೆ ಹೇಳಬೇಕಾಗಿಲ್ಲ. ಅಗಸ್ತ್ಯರು ವಾತಾಪಿ ಅನ್ನೋ ರಾಕ್ಷಸನ್ನೇ ಅರಗಿಸ್ಕೊಂಡೋರು, ನಮ್ಮ ಬಾದಾಮಿಯ ಹಳೇ ಹೆಸರೂ ವಾತಾಪಿ ಅಂತಾನೇ. ಈಗ ನಮ್ಮನೇಲಿ ಈ ಕೆಲಸ ಅಕ್ಕನ ಮಗಳದ್ದು, ಊಟ ಆದ ತಕ್ಷಣ ಎಲ್ಲರ ಹೊಟ್ಟೆ ಹತ್ರಾನೂ ಬಂದು ಸವರಿ "ವಾತಾಪಿ ಜೀರ್ಣೋಭವ" ಅಂತಾಳೆ, ನನ್ನ ಹೊಟ್ಟೆ ಹತ್ರ ಬಂದಾಗ ಮಾತ್ರ ಎರಡು ಸಲ.